ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆ್ಯಸಿಡ್ ಸುರಿಯಬೇಡಿ

ಮಳೆಗಾಲ ಬಂತೆಂದರೆ ಕೊಡಗಿನ ಮನೆಗಳಲ್ಲಿ ಬ್ಲೀಚಿಂಗ್ ಪೌಡರ್ ಇದ್ದೇ ಇರುತ್ತದೆ. ಅಂಗಳ, ಮೆಟ್ಟಿಲು, ಬಚ್ಚಲು ಎಲ್ಲ ಕಡೆ ಪಾಚಿ. ಪೌಡರ್ ಉದುರಿಸಿ ತಿಕ್ಕಿದರೆ ಹೋಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಅದೇ ಜಾಗಕ್ಕೆ ಟಾಯ್ಲೆಟ್ ಕ್ಲೀನರ್ ಬಿದ್ದರೆ ಏನಾಗುತ್ತದೆ ಅಂತ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ನೋಡಿದೆವು.

ನಮ್ಮದು ಸೋಮವಾರಪೇಟೆ ಕಡೆ. ಎರಚಲು ಹೊಡೆಯುತ್ತದೆ ಅಂತ ಬಚ್ಚಲಿನ ಕಿಟಕಿ ಮುಚ್ಚಿತ್ತು. ಚಿಕ್ಕಮ್ಮ ನೆಲಕ್ಕೆ ಪೌಡರ್ ಹಾಕಿ ನೆನೆಯಲು ಬಿಟ್ಟಿದ್ದರು. ಹಳದಿ ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಕ್ಲೀನರ್ ಸುರಿದು, ಕುಕ್ಕರುಗಾಲಲ್ಲಿ ಕೂತು ತಿಕ್ಕತೊಡಗಿದರು. ಬುಸ್ಸೆಂದು ನೊರೆ ಎದ್ದಿತು. ಅಡುಗೆಮನೆಯಲ್ಲಿದ್ದ ನನಗೂ ಮೂಗು, ಗಂಟಲು ಉರಿಯಿತು. ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣು ಕೆಂಡದ ಹಾಗಿತ್ತು. ಕೆಮ್ಮಿನ ನಡುವೆ ಮಾತೇ ಹೊರಡುತ್ತಿರಲಿಲ್ಲ.

ಜಗಲಿಯಲ್ಲಿ ಗಾಳಿಗೆ ಕೂರಿಸಿದ ಮೇಲೆ ಸುಧಾರಿಸಿತು. "ಏನಿಲ್ಲ ಬಿಡಿ, ಘಾಟು ಅಷ್ಟೇ" ಎಂದರು. ರಾತ್ರಿ ಉಸಿರು ಕಟ್ಟತೊಡಗಿತು. ಮಲಗಲು ಆಗದೆ ಎದ್ದು ಕೂತರು, ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಆ ಮಳೆಯಲ್ಲೇ ಆಸ್ಪತ್ರೆಗೆ ಕರೆದೊಯ್ದೆವು. ಆಕ್ಸಿಜನ್ ಕೊಟ್ಟು ಒಳಗೇ ಇಟ್ಟುಕೊಂಡರು. ಹುಷಾರಾಗಿ ಮನೆಗೆ ಬಂದರು ನಿಜ. ಆದರೂ ಚಳಿಗಾಳಿ ತಾಗಿದರೆ ಈಗಲೂ ಕೆಮ್ಮು.

ಬಂದದ್ದು ಕ್ಲೋರಿನ್ ಅನಿಲ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ಎಷ್ಟೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತದೆ. ಅದು ಬ್ಲೀಚಿಗೆ ಸೋಕಿದ ಕೂಡಲೇ ಕ್ಲೋರಿನ್ ಹೊರಗೆ ಬರುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ ಇರುವುದರಿಂದ ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ತಿಕ್ಕುವವರ ಮೂಗು ಇರುವುದೂ ಅಲ್ಲೇ ಅಲ್ವಾ? ಬಕೆಟ್‌ನಲ್ಲಿ ಕಲಸಿದರೆ ಮಾತ್ರ ಅಪಾಯ ಅಂದುಕೊಳ್ಳಬೇಡಿ. ಒಂದು ಹಾಕಿ, ಸರಿಯಾಗಿ ತೊಳೆಯದೆ ಇನ್ನೊಂದು ಹಾಕಿದರೂ ಅಷ್ಟೇ. ವಿನೆಗರ್, ನಿಂಬೆಹುಳಿ ಕೂಡ ಬ್ಲೀಚಿನ ಜೊತೆ ಬೇಡ. ಅಮೋನಿಯ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೈನ್ ಅನ್ನುವ ಬೇರೊಂದು ವಿಷಗಾಳಿ ಬರುತ್ತದೆ.

ಘಾಟು ಎದ್ದರೆ ಎಲ್ಲ ಬಿಟ್ಟು ಹೊರಗೆ ಬನ್ನಿ. ನೀರು ಹೊಯ್ಯೋಣ ಅಂತ ಮತ್ತೆ ಒಳಗೆ ಹೋಗಬೇಡಿ. ಕಣ್ಣಿಗೆ 15 ನಿಮಿಷ ತಣ್ಣೀರು ಬಿಡಿ. ಕೆಮ್ಮು, ಎದೆ ಬಿಗಿತ ಇದ್ದರೆ ಕಡಿಮೆಯಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆ ಕಳೆದ ಮೇಲೂ ಆಗಬಹುದು. ಯಾವುದಕ್ಕೆ ಯಾವುದು ಬಿತ್ತು ಅಂತ ಡಾಕ್ಟರಿಗೆ ಹೇಳಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಕ್ಲೀನಿಂಗಿಗೆ ಬರುವವರ ಕೈಗೆ ಹಳೇ ನೀರಿನ ಬಾಟಲಿಯಲ್ಲಿ ಹೆಸರಿಲ್ಲದ ಆ್ಯಸಿಡ್ ಕೊಡಬೇಡಿ. ಬ್ಲೀಚ್ ಒಂದು ಕಡೆ, ಆ್ಯಸಿಡ್ ಇನ್ನೊಂದು ಕಡೆ ಇಡಿ. ಇವತ್ತೇ ಅವರನ್ನು ಕೂರಿಸಿಕೊಂಡು ಹೇಳಿ.