ಅರೋರಾ ನೋಡೋಕೆ ಕ್ಯಾಂಪರ್‌ವ್ಯಾನ್: ಐಸ್‌ಲ್ಯಾಂಡ್, ಟ್ರೋಮ್ಸೋ, ಅಬಿಸ್ಕೋ ಮೂರರಲ್ಲಿ ನನ್ನ ಓಟು ಯಾವುದಕ್ಕೆ

ಊರಿಂದ ಯಾರಾದ್ರೂ ಫೋನ್ ಮಾಡಿ ಕ್ಯಾಂಪರ್‌ವ್ಯಾನ್ ತಗೊಂಡು ನಾರ್ದರ್ನ್ ಲೈಟ್ಸ್ (ಅರೋರಾ, ರಾತ್ರಿ ಆಕಾಶದಲ್ಲಿ ಕುಣಿಯೋ ಬಣ್ಣದ ಬೆಳಕು) ನೋಡೋಕೆ ಬರ್ಬೇಕು ಅಂತಿದೀವಿ, ಐಸ್‌ಲ್ಯಾಂಡ್ ಒಳ್ಳೇದಾ ನಾರ್ವೆ ಒಳ್ಳೇದಾ ಅಂತ ಕೇಳಿದ್ರೆ ನಾನು ಅವೆರಡರ ಜೊತೆ ಸ್ವೀಡನ್‌ನ ಅಬಿಸ್ಕೋ ಹೆಸರೂ ಸೇರಿಸಿ ಹೇಳ್ತೀನಿ. ನಾವು ಸ್ಟಾಕ್‌ಹೋಮ್‌ನಲ್ಲಿ ಇರೋದ್ರಿಂದ ಮೂರೂ ಕಡೆ ವ್ಯಾನ್ ಓಡಿಸಿ, ಅದ್ರಲ್ಲೇ ಮಲಗಿ, ಅದ್ರಲ್ಲೇ ಅನ್ನ ಸಾರು ಮಾಡ್ಕೊಂಡು ನೋಡಿದೀವಿ: ಐಸ್‌ಲ್ಯಾಂಡ್ ಮಾರ್ಚ್‌ನಲ್ಲಿ, ನಾರ್ವೆಯ ಟ್ರೋಮ್ಸೋ ಮತ್ತೆ ಲೋಫೋಟೆನ್ ದ್ವೀಪಗಳು ನವೆಂಬರ್‌ನಲ್ಲಿ, ಅಬಿಸ್ಕೋ ಒಂದ್ಸಲ ಫೆಬ್ರವರಿಯಲ್ಲಿ ಇನ್ನೊಂದ್ಸಲ ಸೆಪ್ಟೆಂಬರ್ ಕೊನೆಯಲ್ಲಿ ಅತ್ತೆ ಮಾವನ ಜೊತೆ. ಮೂರನ್ನೂ ನಾನು ಅಳೆಯೋದು ಒಂದೇ ವಿಷಯದಲ್ಲಿ. ಹೋಟೆಲ್ ಬಿಟ್ಟು ವ್ಯಾನಿಗೆ ಅಷ್ಟು ದುಡ್ಡು ಕೊಡೋದು ರಾತ್ರಿ ಹತ್ತಕ್ಕೆ ತಲೆ ಮೇಲೆ ಮೋಡ ಕೂತ್ರೆ ಗಾಡಿ ಸ್ಟಾರ್ಟ್ ಮಾಡಿ ಮೋಡ ಇಲ್ಲದ ಕಡೆ ಹೋಗಿ ಅಲ್ಲೇ ಮಲಗೋಕೆ, ಆ ಕೆಲಸ ಯಾವ ಊರಲ್ಲಿ ನಿಜವಾಗ್ಲೂ ಆಗತ್ತೆ ಅನ್ನೋದು.

ಅದಕ್ಕೂ ಮುಂಚೆ ಕೆಪಿ ವಿಷಯ, ಯಾಕಂದ್ರೆ ಎಲ್ಲರೂ ಫೋನಿಗೆ ಮೊದಲು ಹಾಕ್ಕೊಳ್ಳೋದು ಕೆಪಿ ಆಪ್. ಸೂರ್ಯನಿಂದ ಹಾರಿ ಬರೋ ಕಣಗಳಿಂದ (ಅರೋರಾ ಆಗೋದೂ ಅವುಗಳಿಂದಲೇ) ಭೂಮಿಯ ಕಾಂತಕ್ಷೇತ್ರ ಎಷ್ಟು ಅಲ್ಲಾಡ್ತಿದೆ ಅಂತ ಇಡೀ ಭೂಮಿಗೆ ಸೇರಿಸಿ ಮೂರು ಗಂಟೆಗೊಂದ್ಸಲ 0ಯಿಂದ 9ರವರೆಗೆ ಕೊಡೋ ನಂಬರ್ ಅದು. ದಕ್ಷಿಣದಲ್ಲಿ ಇರೋರಿಗೆ ಅದು ಬೇಕು, ನಂಬರ್ ಏರಿದಷ್ಟೂ ಅರೋರಾ ದಕ್ಷಿಣಕ್ಕೆ ಹರಡತ್ತೆ. 2024ರ ಮೇ 10-11ರ ದೊಡ್ಡ ಸೌರ ಬಿರುಗಾಳಿ ಟೈಮಲ್ಲಿ ಕೆಪಿ 9 ಮುಟ್ಟಿತ್ತು, ಆಗ ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ಕ್ಯಾಮೆರಾಗಳು ಲಡಾಖ್‌ನ ಹಾನ್ಲೆಯಲ್ಲೂ ಆಕಾಶದ ಅಂಚಲ್ಲಿ ಕೆಂಪು ಬೆಳಕು ಹಿಡಿದ್ವು. ಆದ್ರೆ ಅರೋರಾ ದಿನಾ ಉಂಗುರದ ಥರ ಕೂರೋ ಜಾಗದ ಕೆಳಗೇ ಟ್ರೋಮ್ಸೋ, ಅಬಿಸ್ಕೋ, ಐಸ್‌ಲ್ಯಾಂಡ್ ಮೂರೂ ಬರೋದ್ರಿಂದ ಅಲ್ಲಿ ಕೆಪಿ 1 ಅಥವಾ 2 ಇದ್ರೂ ಸಾಕು. ಅಲ್ಲಿ ನಮ್ಮ ರಾತ್ರಿ ಹಾಳು ಮಾಡಿದ್ದು ಸೂರ್ಯ ಅಲ್ಲವೇ ಅಲ್ಲ, ಮೋಡ. ಅದಕ್ಕೆ ನಾನು ಕೆಪಿ ನೋಡೋಕೆ ಮುಂಚೆ ಮೋಡದ ಮ್ಯಾಪ್ ನೋಡ್ತೀನಿ, ಬರೋರಿಗೂ ಅದನ್ನೇ ಹೇಳ್ತೀನಿ.

ಐಸ್‌ಲ್ಯಾಂಡ್ ಮೊದಲು. ನೋಟದಲ್ಲಿ ಅದಕ್ಕೆ ಸಾಟಿ ಇಲ್ಲ, ಯೋಕುಲ್‌ಸಾರ್ಲೋನ್ ಸರೋವರದಲ್ಲಿ ತೇಲೋ ಐಸ್ ಗಡ್ಡೆಗಳ ಮೇಲೆ ಹಸಿರು ಬೆಳಕು ಬಿದ್ದಿದ್ದನ್ನ ನೋಡಿದ ಮೇಲೆ ನನ್ನ ಹೆಂಡತಿ ಬಾಕಿ ಎರಡಕ್ಕೂ ಅಷ್ಟು ಮಾರ್ಕ್ಸ್ ಕೊಡಲ್ಲ. ಇನ್ನೊಂದು ದೊಡ್ಡ ಪ್ಲಸ್ ಅಂದ್ರೆ ಸಣ್ಣ ಸಣ್ಣ ಊರಲ್ಲೂ ಭೂಮಿಯ ಬಿಸಿಯಿಂದ ಕಾಯೋ ನೀರಿನ ಈಜುಕೊಳ ಇದೆ, ವ್ಯಾನಲ್ಲಿ ಇರೋರಿಗೆ ದಿನಾ ಬಿಸಿನೀರ ಸ್ನಾನ ಸಿಗೋದು ಎಷ್ಟು ದೊಡ್ಡ ಸುಖ ಅಂತ ಚಳಿಯಲ್ಲಿ ಎರಡು ದಿನ ಸ್ನಾನ ಇಲ್ಲದೆ ಕಳೆದವರಿಗೆ ಗೊತ್ತಾಗತ್ತೆ. ಸಮುದ್ರದ ಪಕ್ಕ ಚಳಿನೂ ಅಷ್ಟಿಲ್ಲ, ಸೊನ್ನೆಯ ಆಸುಪಾಸು.

ಆದ್ರೆ ನಾನು ಹೇಳಿದ ಆ ಒಂದು ಕೆಲಸಕ್ಕೆ ಐಸ್‌ಲ್ಯಾಂಡ್ ಕಷ್ಟ. ಕಾನೂನು ಪ್ರಕಾರ ಕ್ಯಾಂಪರ್‌ವ್ಯಾನಲ್ಲಿ ಮಲಗ್ಬೇಕು ಅಂದ್ರೆ ಕ್ಯಾಂಪ್‌ಸೈಟಿಗೇ ಹೋಗ್ಬೇಕು, ಇಲ್ಲಾಂದ್ರೆ ಜಮೀನಿನ ಮಾಲೀಕರ ಪರ್ಮಿಷನ್ ಬೇಕು, ರಸ್ತೆ ಪಕ್ಕ ಪಾರ್ಕಿಂಗ್‌ನಲ್ಲಿ ಮಲಗಂಗಿಲ್ಲ. ಚಳಿಗಾಲದಲ್ಲಿ ಬಹಳಷ್ಟು ಕ್ಯಾಂಪ್‌ಸೈಟ್ ಮುಚ್ಚಿರತ್ತೆ, ರೇಕ್ಯಾವಿಕ್ ಮತ್ತೆ ಸ್ಕಾಫ್ಟಾಫೆಲ್ ಥರದ ಕೆಲವೇ ಕೆಲವು ತೆರೆದಿರತ್ತೆ, ಹಾಗಾಗಿ ಸಂಜೆನೇ ನಿಮ್ಮ ಜಾಗ ಫಿಕ್ಸ್ ಆಗೋಗತ್ತೆ, ಅಲ್ಲಿ ಮೋಡ ಬಂದ್ರೆ ಬಂತು. ಹೊರಟು ಹುಡುಕ್ಕೊಂಡು ಹೋಗಿ ಮತ್ತೆ ಮಧ್ಯರಾತ್ರಿ ಮೇಲೆ ಅಷ್ಟೇ ದೂರ ವಾಪಸ್ ಓಡಿಸ್ಬೇಕು. ಅದ್ರ ಮೇಲೆ ಗಾಳಿ. ದಕ್ಷಿಣ ಕರಾವಳಿಯಲ್ಲಿ, ಅದ್ರಲ್ಲೂ ವೀಕ್ ಅನ್ನೋ ಊರಿಂದ ಆಚೆಗೆ ಓರೈಫಿ ಅನ್ನೋ ಕಡೆ ಬೀಸೋ ಗಾಳಿಗೆ ಎತ್ತರದ ವ್ಯಾನ್ ರಸ್ತೆಯಲ್ಲಿ ಪಕ್ಕಕ್ಕೆ ಸರಿಯತ್ತೆ. ಒಂದು ಪಾರ್ಕಿಂಗ್‌ನಲ್ಲಿ ನಮ್ಮ ಕಣ್ಣೆದುರಿಗೇ ಪಕ್ಕದ ಗಾಡಿಯ ಬಾಗಿಲು ಗಾಳಿಗೆ ಹಿಂದಕ್ಕೆ ಮಡಚ್ಕೊಂಡು ಹೋಯ್ತು, ಸಾಮಾನ್ಯವಾಗಿ ಇಂಥ ಬಾಗಿಲ ಡ್ಯಾಮೇಜ್ ಬಾಡಿಗೆ ಇನ್ಶೂರೆನ್ಸ್‌ನಲ್ಲಿ ಬರಲ್ಲ, ಕೈಯಿಂದ ಕಟ್ಬೇಕು. ಹೋಗೋರು ಗಾಡಿ ಮೂತಿ ಗಾಳಿ ಕಡೆಗೆ ಮಾಡಿ ನಿಲ್ಲಿಸಿ, ಬಾಗಿಲು ಎರಡೂ ಕೈಯಲ್ಲಿ ಹಿಡಿದು ತೆಗೀರಿ, ವೆದುರ್ ಅನ್ನೋ ಅಲ್ಲಿನ ಹವಾಮಾನ ಇಲಾಖೆ ಸೈಟಲ್ಲಿ ಹಳದಿ ವಾರ್ನಿಂಗ್ ಇದ್ರೆ ಅವತ್ತು ಹೊರಡ್ಲೇಬೇಡಿ. ಅದೇ ಸೈಟಲ್ಲಿ ಅರೋರಾ ಮ್ಯಾಪ್ ಇದೆ, ಅದ್ರಲ್ಲಿ ಹಸಿರು ಅಂದ್ರೆ ಮೋಡ, ಬಿಳಿ ಅಂದ್ರೆ ಖಾಲಿ ಆಕಾಶ, ಹಸಿರು ನೋಡಿ ಖುಷಿಪಡ್ಬೇಡಿ.

ಟ್ರೋಮ್ಸೋ ಬೇರೆ ಥರ. 69 ಡಿಗ್ರಿ ದಾಟಿದ ಮೇಲೆ ಇರೋ ಊರು, ಆದ್ರೂ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದಾಗಿ ಜನವರಿಯಲ್ಲೂ ಸರಾಸರಿ ಮೈನಸ್ ನಾಲ್ಕೈದು ಅಷ್ಟೇ. ಊರು ಚೆನ್ನಾಗಿದೆ, ಏರ್‌ಪೋರ್ಟ್ ಇದೆ, ಅಂಗಡಿ ಇದೆ, ವ್ಯಾನ್ ಬಾಡಿಗೆಗೆ ಸಿಗತ್ತೆ. ಕ್ವಾಲೋಯಾ ದ್ವೀಪದ ಕಡೆ ಹೋದ್ರೆ ಅರ್ಧ ಗಂಟೆಯಲ್ಲಿ ಕತ್ತಲೆ ಫ್ಯೋರ್ಡ್‌ಗಳು, ಅಂದ್ರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿರೋ ಸಮುದ್ರದ ಕವಲುಗಳು. ಲೋಫೋಟೆನ್‌ನಲ್ಲಂತೂ ಬೆಟ್ಟ ನೇರ ಸಮುದ್ರದಿಂದ ಎದ್ದು ನಿಂತಿರತ್ತೆ, ಫೋಟೋ ತೆಗೆಯೋರು ಯಾಕೆ ಅಲ್ಲಿಗೇ ಸಾಯ್ತಾರೆ ಅಂತ ಹೋದ ಮೇಲೆ ಅರ್ಥ ಆಗತ್ತೆ. ಆದ್ರೆ ಅದೇ ಬೆಚ್ಚಗಿನ ಸಮುದ್ರ ಮೋಡನೂ ಕೊಡತ್ತೆ. ನವೆಂಬರ್‌ನಲ್ಲಿ ಲೋಫೋಟೆನ್‌ನಲ್ಲಿ ನಮಗೆ ಸಿಕ್ಕಿದ್ದು ಬಹುಪಾಲು ಮಳೆ, ಮಳೆ ನಿಂತ್ರೆ ರಸ್ತೆ ಮೇಲೆ ಗಾಜಿನಂಥ ಐಸ್. ಇನ್ನೊಂದು ವಿಷಯ, ನಾರ್ವೆಯಲ್ಲಿ ಎಲ್ಲಿ ಬೇಕಾದ್ರೂ ಕ್ಯಾಂಪ್ ಮಾಡ್ಬೋದು ಅಂತ ಎಲ್ಲರೂ ಹೇಳ್ತಾರಲ್ಲ, ಆ ಹಕ್ಕು ನಡೆದು ಹೋಗೋರಿಗೆ, ಟೆಂಟಿಗೆ, ಅದೂ ಮನೆಯಿಂದ 150 ಮೀಟರ್ ದೂರ ಇದ್ರೆ. ಗಾಡಿಗೆ ಅದು ಅನ್ವಯ ಆಗಲ್ಲ. ರಸ್ತೆ ಪಕ್ಕದ ರೆಸ್ಟ್ ಏರಿಯಾದಲ್ಲಿ ಬೋರ್ಡ್ ಬೇಡ ಅನ್ನದಿದ್ರೆ ಮಲಗ್ಬೋದು, ಲೋಫೋಟೆನ್‌ನಲ್ಲಿ ಜನ ಜಾಸ್ತಿಯಾಗಿ ಆ ಬೇಡ ಅನ್ನೋ ಬೋರ್ಡ್‌ಗಳೇ ಜಾಸ್ತಿ.

ಟ್ರೋಮ್ಸೋದ ನಿಜವಾದ ಶಕ್ತಿ ಇರೋದು ಅಲ್ಲಿಂದ ಹೊರಗೆ ಹೋಗೋ ಇ8 ರಸ್ತೆಯಲ್ಲಿ. ಕರಾವಳಿಯಿಂದ ಶಿಬೋಟ್ನ್ ಕಣಿವೆ ಹತ್ತಿ ಫಿನ್‌ಲ್ಯಾಂಡ್‌ನ ಕಿಲ್ಪಿಸ್‌ಯಾರ್ವಿಗೆ ಹೋಗತ್ತೆ ಅದು, ಒಟ್ಟು 160 ಕಿಲೋಮೀಟರ್ ಚಿಲ್ಲರೆ, ಚಳಿಗಾಲದಲ್ಲಿ ಎರಡೂವರೆ ಮೂರು ಗಂಟೆ ಬೇಕು. ಟ್ರೋಮ್ಸೋದಲ್ಲಿ ದಪ್ಪ ಮೋಡ ಇದ್ದಾಗ ಟೂರ್ ಬಸ್‌ನೋರೂ ಪ್ರವಾಸಿಗರನ್ನ ಕರ್ಕೊಂಡು ಓಡೋದು ಇದೇ ರಸ್ತೆಯಲ್ಲಿ, ಟ್ರೋಮ್ಸೋ ಯೂನಿವರ್ಸಿಟಿಯವರು ತಮ್ಮ ವೀಕ್ಷಣಾಲಯ ಕಟ್ಟಿರೋದೂ ಶಿಬೋಟ್ನ್‌ನಲ್ಲೇ. ನಾವು ಒಂದು ರಾತ್ರಿ ಟ್ರೋಮ್ಸೋದಲ್ಲಿ ಮಳೆಯಲ್ಲಿ ಹೊರಟು ಕಣಿವೆ ಹತ್ತಿದ ಮೇಲೆ ವೈಪರ್ ನಿಂತು, ನಕ್ಷತ್ರ ಕಂಡು, ಗಾಡಿ ಪಕ್ಕಕ್ಕೆ ಹಾಕಿ ಇಳಿಯೋ ಹೊತ್ತಿಗೆ ಆಕಾಶ ಇಡೀ ಹಸಿರಾಗಿ ಕುಣೀತಿತ್ತು. ಬಸ್ಸಲ್ಲಿ ಬಂದೋರು ಬೆಳಗಿನ ಜಾವ ವಾಪಸ್ ಹೊರಟ್ರು, ನಾವು ಅಲ್ಲೇ ಟೀ ಮಾಡ್ಕೊಂಡು ಮಲಗಿದ್ವಿ. ವ್ಯಾನ್ ಬೇಕಾಗಿದ್ದು ಇದಕ್ಕೇ.

ಅಬಿಸ್ಕೋದಲ್ಲಿ ಆ ಮಳೆಯಿಲ್ಲದ ಜಾಗದಲ್ಲೇ ನಿಮ್ಮ ಬಿಡಾರ. ಆಗುಂಬೆಯಲ್ಲಿ ಸುರಿಯೋ ಮೋಡ ಚಳ್ಳಕೆರೆಗೆ ಬರೋ ಹೊತ್ತಿಗೆ ಖಾಲಿಯಾಗಿರತ್ತಲ್ಲ, ಹಾಗೇ ಪಶ್ಚಿಮದ ಸಮುದ್ರದಿಂದ ಬರೋ ತೇವ ಎಲ್ಲ ನಾರ್ವೆ ಬೆಟ್ಟಗಳ ಮೇಲೆ ಸುರಿದು, ಆಚೆ ಇಳಿಯೋ ಗಾಳಿ ಒಣಗಿರತ್ತೆ. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಹಿಮ ಸೇರಿ, ಸ್ವೀಡನ್‌ನಲ್ಲೇ ತೀರಾ ಒಣ ಜಾಗಗಳಲ್ಲಿ ಒಂದು. ಟೋರ್ನೆತ್ರಾಸ್ಕ್ ಅನ್ನೋ ಉದ್ದನೆ ಸರೋವರದ ಮೇಲೆ ಆಕಾಶ ಎಷ್ಟೋ ಸಲ ಒಂದು ತೂತಿನ ಥರ ತೆರೆದಿರತ್ತೆ, ಅಲ್ಲಿನೋರು ಅದನ್ನ ನೀಲಿ ತೂತು ಅಂತಾನೇ ಕರೀತಾರೆ. ಕಿರುನಾದಿಂದ ಇ10 ರಸ್ತೆಯಲ್ಲಿ 95 ಕಿಲೋಮೀಟರ್, ಅಲ್ಲಿಂದ ಮುಂದೆ ಬೆಟ್ಟ ದಾಟಿ ನಾರ್ವೆಯ ನಾರ್ವಿಕ್ ಸುಮಾರು 80. (ಕಿರುನಾ ಕೆಳಗಿನ ಕಬ್ಬಿಣದ ಗಣಿಯಿಂದ ನೆಲ ಕುಸೀತಿದೆ ಅಂತ ಊರನ್ನೇ ಸರಿಸ್ತಿದಾರೆ, 2025ರ ಆಗಸ್ಟ್‌ನಲ್ಲಿ ಅಲ್ಲಿನ ಮರದ ಚರ್ಚನ್ನ ಇಡಿಯಾಗಿ ಎತ್ತಿ 5 ಕಿಲೋಮೀಟರ್ ಸಾಗಿಸಿದ್ರು, ದಾರಿಯಲ್ಲಿ ಸಿಗತ್ತೆ, ಒಂದು ಗಂಟೆ ನಿಂತು ನೋಡಿ.) ರಾಷ್ಟ್ರೀಯ ಉದ್ಯಾನದ ಒಳಗೆ ಮನಸ್ಸು ಬಂದ ಕಡೆ ಕ್ಯಾಂಪ್ ಮಾಡಂಗಿಲ್ಲ, ಆದ್ರೆ ಇ10 ಉದ್ದಕ್ಕೂ ನಿಲ್ಲೋಕೆ ಜಾಗ ಇದೆ, ಬೋರ್ಡ್ ಓದ್ಕೊಂಡು ನಿಲ್ಲಿ.

ಇಲ್ಲೇ ಇನ್ನೊಂದು ಲೆಕ್ಕ ಹೇಳ್ತೀನಿ. ಸೂರ್ಯನಿಂದ ಬರೋ ಕಣಗಳ ಹರಿವನ್ನ, ಅಂದ್ರೆ ಸೌರಗಾಳಿಯನ್ನ, ಮೊದಲು ಅಳೆಯೋ ಉಪಗ್ರಹಗಳು ಇರೋದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಅನ್ನೋ ಜಾಗದಲ್ಲಿ, ನಮ್ಮ ಇಸ್ರೋದ ಆದಿತ್ಯ ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಸುತ್ತಾ ಇದೆ. ಸೆಕೆಂಡಿಗೆ 400 ಕಿಲೋಮೀಟರ್‌ನಲ್ಲಿ ಬರೋ ಸೌರಗಾಳಿ ಅಲ್ಲಿಂದ ನಮಗೆ ಮುಟ್ಟೋಕೆ ಒಂದು ಗಂಟೆ ಬೇಕು. ಅಂದ್ರೆ ಆಪಲ್ಲಿ ಬಿಝಡ್ ಅನ್ನೋ ನಂಬರ್ (ಸೌರಗಾಳಿ ಹೊತ್ತು ತರೋ ಕಾಂತಕ್ಷೇತ್ರ ಉತ್ತರಕ್ಕಿದೆಯಾ ದಕ್ಷಿಣಕ್ಕಿದೆಯಾ ಅಂತ ಹೇಳೋದು, ಮೈನಸ್ ಅಂದ್ರೆ ದಕ್ಷಿಣ, ಆಗಲೇ ಅರೋರಾ ಜೋರಾಗೋದು) ಮೈನಸ್‌ಗೆ ಇಳಿದು ಅಲ್ಲೇ ನಿಂತ್ರೆ ನಿಮ್ಮ ಕೈಲಿ ಸುಮಾರು ಒಂದು ಗಂಟೆ ಇದೆ, ಐಸ್ ರಸ್ತೆಯಲ್ಲಿ ಹುಷಾರಾಗಿ 50-60 ಕಿಲೋಮೀಟರ್. ಟ್ರೋಮ್ಸೋದಿಂದ ಅಷ್ಟರಲ್ಲಿ ಬೆಟ್ಟದ ಆಚೆ ಮುಟ್ಟೋಕಾಗಲ್ಲ, ಐಸ್‌ಲ್ಯಾಂಡಲ್ಲಿ ಮಲಗೋ ಜಾಗ ಬಿಟ್ಟು ಬರ್ಬೇಕು. ಶಿಬೋಟ್ನ್ ಕಿಲ್ಪಿಸ್‌ಯಾರ್ವಿ ನಡುವೆ ಇರೋದೇ 50 ಕಿಲೋಮೀಟರ್, ಅಬಿಸ್ಕೋದಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಅಷ್ಟೇ ದೂರದಲ್ಲಿ ಆಕಾಶ ಬದಲಾಗತ್ತೆ. ನನ್ನ ಓಟು ಒಳನಾಡಿಗೆ ಬಿದ್ದಿದ್ದು ಈ ಒಂದು ಗಂಟೆಯಿಂದ.

ಇನ್ನು ತಿಂಗಳು. ಅಬಿಸ್ಕೋ ಫೆಬ್ರವರಿಯಲ್ಲಿ ಆಕಾಶ ಗಾಜಿನಷ್ಟು ಕ್ಲಿಯರ್, ಹಿಮ ಇರೋದ್ರಿಂದ ಕತ್ತಲೆನೂ ಪೂರ್ತಿ ಕತ್ತಲೆ ಅಲ್ಲ, ಆದ್ರೆ ಮೈನಸ್ 20 ಅನ್ನೋದು ಮಾಮೂಲು, ಕೆಲವು ರಾತ್ರಿ ಮೈನಸ್ 30ರ ಕಡೆಗೂ ಹೋಗತ್ತೆ. ಆ ಚಳಿಯಲ್ಲಿ ವ್ಯಾನಲ್ಲಿ ಇರೋದೇ ಒಂದು ದೊಡ್ಡ ಕೆಲಸ, ಟ್ಯಾಂಕಲ್ಲಿ ನೀರಿಡಂಗಿಲ್ಲ, ಕ್ಯಾನಲ್ಲಿ ಒಳಗಿಟ್ಕೋಬೇಕು, ಬಿರುಗಾಳಿ ಬಂದ್ರೆ ನಾರ್ವೆ ಗಡಿ ಹತ್ರ ಇ10 ಮುಚ್ಚತ್ತೆ ಅಥವಾ ಹಿಮ ತಳ್ಳೋ ಗಾಡಿ ಹಿಂದೆ ಸಾಲಾಗಿ ಬಿಡ್ತಾರೆ. ಸೆಪ್ಟೆಂಬರ್ ಕೊನೆ ಬೇರೆನೇ ಲೋಕ. ಬರ್ಚ್ ಮರ ಎಲ್ಲ ಹಳದಿ, ಸರೋವರ ಇನ್ನೂ ಹೆಪ್ಪುಗಟ್ಟಿರಲ್ಲ ಅದಕ್ಕೆ ಬೆಳಕು ನೀರಲ್ಲೂ ಕಾಣತ್ತೆ, ರಾತ್ರಿ ಸೊನ್ನೆ ಸುತ್ತಮುತ್ತ, ಮತ್ತೆ ಹಗಲು ರಾತ್ರಿ ಸಮ ಆಗೋ ಆ ಸಮಯದಲ್ಲಿ ಕಾಂತಕ್ಷೇತ್ರದ ಗಲಾಟೆನೂ ಸ್ವಲ್ಪ ಜಾಸ್ತಿನೇ ಇರತ್ತೆ. ಅತ್ತೆ ಮಾವ ಇಬ್ಬರೂ ಅರವತ್ತು ದಾಟಿದೋರು, ಸ್ವೆಟರ್ ಮೇಲೆ ಒಂದು ಒಳ್ಳೆ ಜಾಕೆಟ್ ಹಾಕ್ಕೊಂಡು ಹೊರಗೆ ಕುರ್ಚಿ ಹಾಕಿ ಕೂತು ನೋಡಿದ್ರು, ಅತ್ತೆ ಕೈಮುಗಿದು ಬಹಳ ಹೊತ್ತು ಮಾತೇ ಆಡ್ಲಿಲ್ಲ. ಫೆಬ್ರವರಿಯಲ್ಲಿ ಅವರನ್ನ ಹಾಗೆ ಕೂರಿಸೋಕೆ ಆಗ್ತಾನೇ ಇರ್ಲಿಲ್ಲ. ಡಿಸೆಂಬರ್ ಬೇಡ, ಟ್ರೋಮ್ಸೋ ಕಡೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ, ಕತ್ತಲೆ ಜಾಸ್ತಿ ಸಿಗತ್ತೆ ಅಂತ ಜನ ಹೋಗ್ತಾರೆ, ಆದ್ರೆ ಹಗಲಲ್ಲಿ ಗಾಡಿ ಓಡಿಸೋರಿಗೆ ಕೆಲವು ಗಂಟೆಯ ಮಬ್ಬು ಬೆಳಕು ಬಿಟ್ರೆ ಬೇರೆ ಬೆಳಕೇ ಇರಲ್ಲ.

ವ್ಯಾನ್ ಆರಿಸೋವಾಗ ದೊಡ್ಡದಾ ಚಿಕ್ಕದಾ ಅನ್ನೋದಕ್ಕಿಂತ ಹೀಟರ್ ಯಾವುದು ಅಂತ ಕೇಳಿ. ಗಾಡಿಯ ಟ್ಯಾಂಕಿಂದಲೇ ಡೀಸೆಲ್ ಎಳ್ಕೊಳ್ಳೋ ಹೀಟರ್ ಎಂಜಿನ್ ಆಫ್ ಇದ್ರೂ ರಾತ್ರಿ ಪೂರ್ತಿ ಓಡತ್ತೆ. ಗ್ಯಾಸ್ ಹೀಟರ್ ಆದ್ರೆ ಸಿಲಿಂಡರ್‌ನಲ್ಲಿ ಪ್ರೊಪೇನ್ ಇರ್ಲೇಬೇಕು, ಬ್ಯೂಟೇನ್ ಸೊನ್ನೆ ಹತ್ರ ಬಂದ್ರೆ ಆವಿ ಆಗೋದೇ ನಿಲ್ಲಿಸತ್ತೆ, ಪ್ರೊಪೇನ್ ಮೈನಸ್ 42ರವರೆಗೆ ಕೆಲಸ ಮಾಡತ್ತೆ, ಇದು ಅಡುಗೆ ಸ್ಟೌಗೂ ಅನ್ವಯ. ದಕ್ಷಿಣದಿಂದ ಓಡಿಸ್ಕೊಂಡು ಬರೋರು ಉತ್ತರದಲ್ಲಿ ವಿಂಟರ್ ಡೀಸೆಲ್ ತುಂಬಿಸ್ಕೊಳ್ಳಿ, ಇಲ್ಲಾಂದ್ರೆ ಡೀಸೆಲ್ ಗಟ್ಟಿಯಾಗಿ ಫಿಲ್ಟರ್ ಕಟ್ಕೊಳ್ಳತ್ತೆ. ಚಳಿಗಾಲಕ್ಕಾದ್ರೆ ಟೈರು ಮೊಳೆ ಇರೋದೇ ಕೇಳಿ. ಅನ್ನ ಬೇಯಿಸೋವಾಗ ಮೇಲಿನ ಕಿಂಡಿ ತೆಗೆದಿಡಿ, ಆವಿ ಎಲ್ಲ ಗಾಜಿಗೆ ಕೂತು ಬೆಳಿಗ್ಗೆ ಒಳಗಡೆನೇ ಐಸ್ ಆಗಿರತ್ತೆ. ನಾವು ಈಗೀಗ ಅವಲಕ್ಕಿ, ಗೊಜ್ಜಿನ ಪುಡಿ, ಚಟ್ನಿಪುಡಿ ತಗೊಂಡು ಹೋಗಿ ಬೇಯಿಸೋದನ್ನ ಒಂದೇ ಹೊತ್ತಿಗೆ ಇಟ್ಕೊಂಡಿದೀವಿ.

ನಾಲ್ಕೂ ದೇಶ ಷೆಂಗೆನ್ ಆದ್ದರಿಂದ ಊರಿಂದ ಬರೋರಿಗೆ ಒಂದೇ ವೀಸಾ ಸಾಕು, ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ. ಗಾಡಿ ಗಡಿ ದಾಟಿಸ್ಬೋದಾ ಅಂತ ಬಾಡಿಗೆ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ಐಸ್‌ಲ್ಯಾಂಡ್ ನೋಡ್ಲೇಬೇಕು ಅಂದ್ರೆ ಹೋಗಿ, ಅರೋರಾ ಸಿಕ್ಕದಿದ್ರೂ ಆ ನೆಲ ನೋಡಿದ್ದು ವೇಸ್ಟ್ ಆಗಲ್ಲ, ಆದ್ರೆ ಅಲ್ಲಿ ಕಾರ್ ಮತ್ತೆ ಹೋಟೆಲ್ ತಗೊಳ್ಳಿ. ಅರೋರಾಗೋಸ್ಕರನೇ ಬರೋರಾದ್ರೆ ಸೆಪ್ಟೆಂಬರ್ ಕೊನೆ ವಾರಕ್ಕೆ ಟ್ರೋಮ್ಸೋದಲ್ಲಿ ವ್ಯಾನ್ ಹಿಡಿದು, ಒಂದು ದಿನ ಊರು ನೋಡಿ, ಇ8 ಹತ್ತಿ ಶಿಬೋಟ್ನ್ ಕಿಲ್ಪಿಸ್‌ಯಾರ್ವಿ ನಡುವೆ ಉಳಿದ ರಾತ್ರಿಗಳನ್ನ ಇಟ್ಕೊಳ್ಳಿ. ರಜೆ ಇನ್ನೂ ಇದ್ರೆ ನಾರ್ವಿಕ್ ಮೇಲೆ ಅಬಿಸ್ಕೋಗೆ ಬನ್ನಿ. ಬುಕಿಂಗ್ ಮಾಡೋವಾಗ ಆ ವಾರದ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ನೋಡ್ಕೊಳ್ಳಿ, ಮೊದಲ ಸಲ ನೋಡೋರಿಗೆ ತೆಳು ಅರೋರಾ ಬೆಳದಿಂಗಳಲ್ಲಿ ಬೂದು ಮೋಡದ ಥರಾನೇ ಕಾಣತ್ತೆ. ಅನುಮಾನ ಬಂದ್ರೆ ಫೋನಲ್ಲಿ ಮೂರು ಸೆಕೆಂಡ್ ನೈಟ್ ಮೋಡ್ ಹಾಕಿ ಒಂದು ಫೋಟೋ ತೆಗೀರಿ, ಹಸಿರು ಬಂದ್ರೆ ಒಳಗೆ ಮಲಗಿರೋರನ್ನೆಲ್ಲ ಎಬ್ಬಿಸಿ.