ಅಮಾಟರ್ಸ್: ಮೇನ್‌ಫ್ರೇಮ್‌ನಲ್ಲಿ ಫೈಲ್ ಬಿಚ್ಚುವ ಟೂಲ್, ವರ್ಷಗಟ್ಟಲೆ ಬಳಸಿದ ಮೇಲೆ

ಅಮಾಟರ್ಸ್ (AMATERSE) ಅಂದರೆ ಐಬಿಎಂ ಮೇನ್‌ಫ್ರೇಮ್‌ನ ಝಡ್‌ಓಎಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲುಗಳನ್ನು ಕುಗ್ಗಿಸಿ ಗಂಟು ಕಟ್ಟುವ, ಬಿಚ್ಚುವ ಟೂಲ್; ಹಾಗೆ ಕುಗ್ಗಿಸುವುದಕ್ಕೆ ಟರ್ಸ್ ಮಾಡುವುದು ಅನ್ನುತ್ತಾರೆ. ಅದು ಕೈಕೊಟ್ಟಿತು ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಅದರ ತಪ್ಪಲ್ಲ. ಒಂದೋ ಫೈಲ್ ದಾರಿಯಲ್ಲೇ ಕೆಟ್ಟಿರುತ್ತದೆ, ಇಲ್ಲವೇ ಬಿಚ್ಚಿ ಹರಡಲು ಡಿಸ್ಕ್‌ನಲ್ಲಿ ಜಾಗ ಸಾಲದಿರುತ್ತದೆ. ಈ ಎರಡನ್ನು ಹತೋಟಿಗೆ ತಂದುಕೊಂಡರೆ ಇಷ್ಟು ತಂಟೆಯಿಲ್ಲದ ಟೂಲ್ ಝಡ್‌ಓಎಸ್‌ನಲ್ಲಿ ಕಡಿಮೆ.

ಇನ್‌ಸ್ಟಾಲ್ ವಿಷಯ ಚಿಕ್ಕದು. ಹಿಂದೆ ಟಿಆರ್‌ಎಸ್‌ಮೇನ್ (ಇದೇ ಟೂಲಿನ ಹಳೆಯ ರೂಪ) ಅನ್ನು ಐಬಿಎಂ ಸೈಟಿನಿಂದ ಇಳಿಸಿಕೊಂಡು, ಲೋಡ್ ಲೈಬ್ರರಿಗೆ ಹಾಕಿ, ಜೆಸಿಎಲ್‌ನಲ್ಲಿ (ಜಾಬ್ ಓಡಿಸಲು ಬರೆಯುವ ಆದೇಶಗಳು) ಸ್ಟೆಪ್‌ಲಿಬ್, ಅಂದರೆ ಪ್ರೋಗ್ರಾಂ ಎಲ್ಲಿದೆ ಎಂಬ ಸಾಲು, ಕೊಡಬೇಕಿತ್ತು. 2007ರ ಝಡ್‌ಓಎಸ್ 1.9ರಿಂದ ಅಮಾಟರ್ಸ್ ಸಿಸ್ಟಂ ಜೊತೆಗೇ ಬರುತ್ತದೆ, ಸಿಸ್1.ಮಿಗ್‌ಲಿಬ್ ಒಳಗೆ. ಅದು ಲಿಂಕ್‌ಲಿಸ್ಟ್‌ನಲ್ಲಿ (ಸಿಸ್ಟಂ ತಾನೇ ಹುಡುಕುವ ಲೈಬ್ರರಿಗಳ ಪಟ್ಟಿ) ಇರುವುದರಿಂದ ಸ್ಟೆಪ್‌ಲಿಬ್ ಬೇಡ. ಟಿಆರ್‌ಎಸ್‌ಮೇನ್ ಎಂಬ ಹೆಸರೂ ಅಲಿಯಾಸ್ ಆಗಿ ಉಳಿದಿದೆ, ಹಳೆಯ ಜಾಬ್‌ಗಳು ಹಾಗೇ ಓಡುತ್ತವೆ. ಎಡವುವುದು ಅರ್ಧ ಹಳೆಯದು ಅರ್ಧ ಹೊಸದು ಬೆರೆಸಿದಾಗ: ಟಿಆರ್‌ಎಸ್‌ಮೇನ್ ಅಂತ ಕರೆದರೆ ಡಿಡಿ (ಜೆಸಿಎಲ್‌ನಲ್ಲಿ ಫೈಲ್ ಸೂಚಿಸುವ ಸಾಲು) ಹೆಸರು ಇನ್‌ಫೈಲ್, ಔಟ್‌ಫೈಲ್, ಅಮಾಟರ್ಸ್ ಅಂತ ಕರೆದರೆ ಸಿಸ್‌ಯುಟಿ1, ಸಿಸ್‌ಯುಟಿ2. ಜೊತೆಗೆ ಸಂದೇಶಗಳಿಗೆ ಸಿಸ್‌ಪ್ರಿಂಟ್ ಒಂದು, ಪಾರ್ಮ್‌ನಲ್ಲಿ ಅನ್‌ಪ್ಯಾಕ್. ಅಷ್ಟಕ್ಕೇ ಜಾಬ್ ಸಿದ್ಧ.

ಈಗ ಫೈಲ್ ತರುವ ಕೆಲಸ. ಟರ್ಸ್ ಆದ ಫೈಲ್ ಯಾವಾಗಲೂ ಎಫ್‌ಬಿ (ಎಲ್ಲ ರೆಕಾರ್ಡ್ ಒಂದೇ ಉದ್ದ), ರೆಕಾರ್ಡ್ ಉದ್ದ 1024 ಬೈಟ್. ಪಿಸಿಯಿಂದ ಎಫ್‌ಟಿಪಿ ಮಾಡುವಾಗ ಮೊದಲು ಬೈನರಿ, ಆಮೇಲೆ ಕೋಟ್ ಸೈಟ್‌ನಲ್ಲಿ ರೆಕ್‌ಎಫ್‌ಎಂ ಎಫ್‌ಬಿ, ಎಲ್‌ರೆಕ್‌ಎಲ್ 1024, ಬ್ಲಾಕ್‌ಸೈಜ್ 27648 ಕೊಟ್ಟು ನಂತರವೇ ಪುಟ್. ಕಳಿಸುವ ಮೊದಲು ಪಿಸಿಯಲ್ಲಿ ಫೈಲಿನ ಗಾತ್ರವನ್ನು 1024ರಿಂದ ಭಾಗಿಸಿ ನೋಡಿ. ಶೇಷ ಉಳಿದರೆ ಆ ಪ್ರತಿ ಆಗಲೇ ಕೆಟ್ಟಿದೆ, ಮುಂದೆ ಹೋಗಬೇಡಿ.

ಮೇನ್‌ಫ್ರೇಮ್‌ಗೆ ಬಂದಮೇಲೆ ಇನ್ನೊಂದು ಪರೀಕ್ಷೆ ಇದೆ, ಅರ್ಧ ನಿಮಿಷದ್ದು. ಐಎಸ್‌ಪಿಎಫ್‌ನಲ್ಲಿ (ಮೇನ್‌ಫ್ರೇಮ್‌ನ ಮೆನು ಪರದೆ) ಬ್ರೌಸ್ ಮಾಡಿ ಹೆಕ್ಸ್ ಆನ್ ಕೊಡಿ. ಮೊದಲ ಬೈಟ್ ಮೇಲೆ ಕೆಳಗೆ ಎರಡು ಸಾಲಿನಲ್ಲಿ ಕಾಣುತ್ತದೆ. ಮೇಲೆ 0, ಕೆಳಗೆ 5 ಇದ್ದರೆ ಎಸ್‌ಪ್ಯಾಕ್; ಮೇಲೆ 0, ಕೆಳಗೆ 2 ಇದ್ದರೆ ಪ್ಯಾಕ್. ಇವು ಕುಗ್ಗಿಸುವ ಎರಡು ಬಗೆ. ಮೇಲೆ 2, ಕೆಳಗೆ ಡಿ ಕಂಡರೆ ಯಾರೋ ಬೈನರಿ ಹಾಕುವುದನ್ನು ಮರೆತಿದ್ದಾರೆ: ಆಸ್ಕಿಯ (ಪಿಸಿಯ ಅಕ್ಷರ ಸಂಕೇತ) 05, ಎಬ್ಸಿಡಿಕ್‌ಗೆ (ಮೇನ್‌ಫ್ರೇಮ್‌ನದು) ತಿರುಗುವಾಗ 2ಡಿ ಆಗುತ್ತದೆ. ಆದರೆ 02 ಎರಡೂ ಕಡೆ 02 ಆಗಿಯೇ ಉಳಿಯುತ್ತದೆ! ಹಾಗಾಗಿ ಪ್ಯಾಕ್ ಫೈಲಿನ ಮೊದಲ ಬೈಟ್ ಸರಿ ಕಂಡಿತೆಂದು ನಂಬಿ ಕೂರುವಂತಿಲ್ಲ. ಕೆಟ್ಟ ಪ್ರತಿಯನ್ನು ರಿಪೇರಿ ಮಾಡಲು ಹೋಗುವುದು ದಂಡ, ಮತ್ತೆ ತರಿಸಿಕೊಳ್ಳುವುದೇ ಲೇಸು. ಎಲ್‌ರೆಕ್‌ಎಲ್ (ರೆಕಾರ್ಡ್ ಉದ್ದ) 80ರ ಡೇಟಾಸೆಟ್‌ಗೆ (ಮೇನ್‌ಫ್ರೇಮ್ ಫೈಲ್) ತುಂಬಿಸಿದ್ದರೂ ಅದೇ ಮಾತು. 3270 ಎಮ್ಯುಲೇಟರ್‌ನ (ಪಿಸಿಯಲ್ಲಿ ಮೇನ್‌ಫ್ರೇಮ್ ಪರದೆ ತೋರಿಸುವ ಪ್ರೋಗ್ರಾಂ) ಫೈಲ್ ಟ್ರಾನ್ಸ್‌ಫರ್‌ನಲ್ಲಾದರೆ ಆಸ್ಕಿ, ಸಿಆರ್‌ಎಲ್‌ಎಫ್ ಎರಡೂ ಟಿಕ್ ತೆಗೆಯಿರಿ. ಸಣ್ಣ ಫೈಲಿಗೆ ಅಡ್ಡಿಯಿಲ್ಲ, ಡಂಪ್‌ಗಳಿಗೆ (ತೊಂದರೆ ಪತ್ತೆಗೆ ತೆಗೆದ ಮೆಮೊರಿ ಪ್ರತಿ) ಆ ದಾರಿ ಹಿಡಿಯಬೇಡಿ.

ಜಾಗದ ಲೆಕ್ಕ. 3390 ಡಿಸ್ಕ್‌ನ ಒಂದು ಟ್ರ್ಯಾಕ್‌ನಲ್ಲಿ 27648ರ ಬ್ಲಾಕ್ ಎರಡು ಕೂರುತ್ತವೆ. 15 ಟ್ರ್ಯಾಕ್ ಸೇರಿ ಒಂದು ಸಿಲಿಂಡರ್, ಅಂದರೆ 8,29,440 ಬೈಟ್. 1 ಜಿಬಿ ಟರ್ಸ್ ಫೈಲಿಗೆ ಸುಮಾರು 1,295 ಸಿಲಿಂಡರ್ ಬೇಕು. ಮಾಮೂಲಿ ಸೀಕ್ವೆನ್ಷಿಯಲ್ ಡೇಟಾಸೆಟ್ ಒಂದು ವಾಲ್ಯೂಮ್‌ನಲ್ಲಿ 65,535 ಟ್ರ್ಯಾಕ್ ದಾಟುವಂತಿಲ್ಲ, ಇದು ಸುಮಾರು 3.37 ಜಿಬಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡದಾದರೆ ಡಿಎಸ್‌ಎನ್‌ಟೈಪ್ ಲಾರ್ಜ್ ಅಂತ ಮೊದಲೇ ಅಲೊಕೇಟ್ ಮಾಡಿಟ್ಟು ಅದರೊಳಗೆ ಪುಟ್ ಮಾಡಿ. ಇದು ಬರೀ ಕಟ್ಟಿದ ಗಂಟಿನ ಗಾತ್ರ. ಬಿಚ್ಚಿದ ಮೇಲೆ ಎಷ್ಟಾಗುತ್ತದೆ ಎಂದು ಊಹಿಸುವ ಬದಲು, ಮೂಲ ಡೇಟಾಸೆಟ್ ಎಷ್ಟು ಸಿಲಿಂಡರ್ ಇತ್ತು ಅಂತ ಕಳಿಸಿದವರನ್ನೇ ಕೇಳಿ. ಬೆಂಗಳೂರಿನಲ್ಲಿ ಕೂತು ಹೊರದೇಶದ ಡಂಪ್ ನೋಡುವ ಸಪೋರ್ಟ್ ತಂಡಗಳಿಗೆ ಇದೊಂದು ಪ್ರಶ್ನೆ ಒಂದಿಡೀ ರಾತ್ರಿ ಪಾಳಿ ಉಳಿಸುತ್ತದೆ.

ಕೇಳದೆ ಓಡಿಸಿದರೆ ಬರುವುದು ಡಿ37 ಅಥವಾ ಬಿ37, ಜಾಗ ಸಾಲದೆ ಜಾಬ್ ಅರ್ಧಕ್ಕೆ ನಿಲ್ಲುವ ಅಬೆಂಡ್‌ಗಳು. ಸೆಕೆಂಡರಿ (ಹೆಚ್ಚುವರಿ ಜಾಗ) ಕೊಡದೆ ಪ್ರೈಮರಿ (ಮೊದಲ ಜಾಗ) ತುಂಬಿದರೆ ಡಿ37. ಸೆಕೆಂಡರಿ ಇದ್ದೂ 16 ಎಕ್ಸ್‌ಟೆಂಟ್ (ಜಾಗದ ತುಂಡು) ಮುಗಿದರೆ, ಇಲ್ಲವೇ ವಾಲ್ಯೂಮ್‌ನಲ್ಲೇ ಜಾಗ ಖಾಲಿಯಾದರೆ ಬಿ37. ಸಿಸ್‌ಯುಟಿ2ಗೆ ಡಿಸ್ಪ್ (ಡೇಟಾಸೆಟ್‌ನ ಸ್ಥಿತಿ, ಸರಿಯಾಗಿ ಮುಗಿದರೆ ಏನು, ಅಬೆಂಡ್ ಆದರೆ ಏನು) ಬರೆಯುವಾಗ ನ್ಯೂ, ಕ್ಯಾಟ್ಲಾಗ್, ಡಿಲೀಟ್ ಇರಲಿ. ಮೂರನೆಯದನ್ನೂ ಕ್ಯಾಟ್ಲಾಗ್ ಮಾಡಿದರೆ ಅಬೆಂಡ್ ಆದಮೇಲೆ ಅರ್ಧ ಬಿಚ್ಚಿದ ಡೇಟಾಸೆಟ್ ಉಳಿದು ಮರುಓಟಕ್ಕೆ ಅಡ್ಡ ಬರುತ್ತದೆ. ಅಬೆಂಡ್ ಇಲ್ಲದೆ ರಿಟರ್ನ್ ಕೋಡ್ ಮಾತ್ರ ಕೆಟ್ಟದ್ದು ಬಂದಾಗ ಸಿಸ್ಟಂ ಅದನ್ನು ಸಹಜ ಮುಕ್ತಾಯ ಅಂತಲೇ ಎಣಿಸಿ ಕ್ಯಾಟ್ಲಾಗ್ ಮಾಡಿಬಿಡುತ್ತದೆ. ಡೇಟಾಸೆಟ್ ಇದೆ ಅಂದರೆ ಕೆಲಸ ಆಯಿತು ಅಂತಲ್ಲ. ಸಿಸ್‌ಪ್ರಿಂಟ್‌ನ ಎಎಂಎ504ಐ ಸಾಲಿನಲ್ಲಿ 0 ಕಂಡರೆ ಮಾತ್ರ ನಂಬಿ.

ಔಟ್‌ಪುಟ್‌ಗೆ ಡಿಸಿಬಿ (ರೆಕಾರ್ಡ್ ಬಗೆ, ಉದ್ದದ ವಿವರ) ಕೊಡದಿರುವುದೇ ಕ್ಷೇಮ, ಮೂಲದ ಗುಣಗಳು ಗಂಟಿನೊಳಗೇ ಇರುತ್ತವೆ. ಪಿಡಿಎಸ್ (ಹಲವು ಸದಸ್ಯ ಫೈಲುಗಳ ಲೈಬ್ರರಿ) ಬಿಚ್ಚುವುದಾದರೆ ಸ್ಪೇಸ್‌ನಲ್ಲಿ ಡೈರೆಕ್ಟರಿ ಬ್ಲಾಕ್ ಮರೆಯಬೇಡಿ. ವಿಎಸ್‌ಎಎಂ ಡೇಟಾಸೆಟ್, ಹಾಗೂ ಪ್ರೋಗ್ರಾಂ ಆಬ್ಜೆಕ್ಟ್ (ಓಡಿಸಬಲ್ಲ ಪ್ರೋಗ್ರಾಂ) ಇರುವ ಪಿಡಿಎಸ್‌ಇ (ಪಿಡಿಎಸ್‌ನ ಹೊಸ ರೂಪ) ಅಮಾಟರ್ಸ್‌ಗೆ ಒಗ್ಗುವುದಿಲ್ಲ. ಅವನ್ನು ಮೊದಲು ಎಡಿಆರ್‌ಡಿಎಸ್‌ಎಸ್‌ಯು (ಬ್ಯಾಕಪ್ ಟೂಲ್) ಡಂಪ್ ಮಾಡಿ, ಆ ಡಂಪನ್ನು ಟರ್ಸ್ ಮಾಡಿ ಕಳಿಸುತ್ತಾರೆ. ಬಿಚ್ಚುವಾಗ ಹಿಂದುಮುಂದು, ಅನ್‌ಪ್ಯಾಕ್ ಆದಮೇಲೆ ರಿಸ್ಟೋರ್. ಸಿಬಿಟಿ ಟೇಪ್‌ನ (ಉಚಿತ ಮೇನ್‌ಫ್ರೇಮ್ ಸಾಫ್ಟ್‌ವೇರ್ ಸಂಗ್ರಹ) ಫೈಲುಗಳನ್ನು ಇದರಿಂದ ಬಿಚ್ಚಲು ಹೋಗಬೇಡಿ. ಅವು ಜಿಪ್‌ನೊಳಗಿನ ಎಕ್ಸ್‌ಮಿಟ್ (ಟಿಎಸ್‌ಓ ಕಳಿಸುವ ರೂಪ): ಪಿಸಿಯಲ್ಲಿ ಅನ್‌ಜಿಪ್, ಎಫ್‌ಬಿ 80ರಲ್ಲಿ ಬೈನರಿ ಅಪ್‌ಲೋಡ್, ಆಮೇಲೆ ಟಿಎಸ್‌ಓ ರಿಸೀವ್.

ನಾವು ಟರ್ಸ್ ಮಾಡಿ ಕಳಿಸುವಾಗ ಎಸ್‌ಪ್ಯಾಕ್ ಹೆಚ್ಚು ಕುಗ್ಗಿಸುತ್ತದೆ, ಸಿಪಿಯು ಮಾತ್ರ ಪ್ಯಾಕ್‌ಗಿಂತ ಸುಮಾರು ಮೂರು ಪಟ್ಟು ತಿನ್ನುತ್ತದೆ. ನೆಟ್‌ವರ್ಕ್ ನಿಧಾನವಿದ್ದರೆ ಎಸ್‌ಪ್ಯಾಕ್, ಇಲ್ಲದಿದ್ದರೆ ಪ್ಯಾಕ್ ಸಾಕು. ಅಮಾಟರ್ಸ್‌ಗೆ ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಅದರ ಮೌನಕ್ಕೆ: ದೊಡ್ಡ ಡಂಪ್ ಬಿಚ್ಚುವಾಗ ಎಲ್ಲಿಯವರೆಗೆ ಬಂತು ಅಂತ ಬಾಯಿಬಿಡುವುದಿಲ್ಲ, ಎಸ್‌ಡಿಎಸ್‌ಎಫ್‌ನಲ್ಲಿ (ಜಾಬ್ ನೋಡುವ ಪರದೆ) ಎಕ್ಸ್‌ಸಿಪಿ (ಓದು ಬರಹದ ಕೋರಿಕೆ) ಎಣಿಕೆ ಏರುತ್ತಿದೆಯೇ ಅಂತ ನೋಡುತ್ತಾ ಕೂರಬೇಕು.

ಮೇನ್‌ಫ್ರೇಮ್ ಕೈಗೆ ಸಿಗದಿದ್ದಾಗ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್‌ನ ಟರ್ಸ್‌ಡಿಕಂಪ್ರೆಸ್ ಇದೆ, ಜಾವಾದ್ದು, ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಸುಮ್ಮನೆ ಓಡಿಸಿದರೆ ಎಬ್ಸಿಡಿಕ್ ಪಠ್ಯವನ್ನು ಆಸ್ಕಿಗೆ ತಿರುಗಿಸಿ ಕೊಡುತ್ತದೆ, ಲಾಗ್ ಓದಲು ಅನುಕೂಲ. ಡಂಪ್ ಆಗಿದ್ದರೆ ಬಿ ಆಪ್ಷನ್ ಹಾಕಿ ಬೈನರಿಯಲ್ಲೇ ಬಿಚ್ಚಿ.