ಕ್ಲಬ್‌ಹೌಸ್‌ನಲ್ಲಿ ತಾಳಮದ್ದಳೆ: ಲಾಕ್‌ಡೌನ್ ಕಾಲದ ಆಪಿಗೆ ಲೇಟಾಗಿ ಬರೆದ ರಿವ್ಯೂ

ಮೊದಲೇ ಹೇಳಿಬಿಡ್ತೇನೆ, ಇದು ಈಗ ಪ್ಲೇಸ್ಟೋರಲ್ಲಿ ಸಿಗುವ ಕ್ಲಬ್‌ಹೌಸಿನ ರಿವ್ಯೂ ಅಲ್ಲ. 2021ರ ಎರಡನೇ ಲಾಕ್‌ಡೌನಲ್ಲಿ ನಾವು ಒಂದಷ್ಟು ಯಕ್ಷಗಾನದ ಹುಚ್ಚಿನವರು ಸೇರಿ ತಾಳಮದ್ದಳೆಗೆ (ವೇಷ ಇಲ್ಲದೆ ಕೂತು ಹಾಡು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ) ಉಪಯೋಗಿಸಿದ ಕ್ಲಬ್‌ಹೌಸಿನ ರಿವ್ಯೂ. ಬರೀ ಸ್ವರದಲ್ಲೇ ಗುಂಪಾಗಿ ಮಾತಾಡುವ ಆಪ್ ಅದು. ಹೆಸರು ಒಂದೇ, ಆಪ್ ಮಾತ್ರ ಈಗ ಬೇರೆಯೇ ಆಗಿದೆ, ಅದರ ಕತೆ ಕೊನೆಗೆ ಹೇಳ್ತೇನೆ. ಆಗಿನದ್ದಕ್ಕೆ ನನ್ನ ಕಡೆಯಿಂದ 5ರಲ್ಲಿ 4 ಸ್ಟಾರ್.

ನಮ್ಮ ಕಡೆಯ ಪರಿಸ್ಥಿತಿ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಈ ಕಡೆ ಯಕ್ಷಗಾನದ ಮೇಳಗಳು ನವೆಂಬರ್ ಹೊತ್ತಿಗೆ ಹೊರಟು ಮೇ ತನಕ ಊರೂರು ತಿರುಗಾಟ ಮಾಡ್ತವೆ, ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಬಂತು ಅಂದ್ರೆ ಗೆಜ್ಜೆ ಬಿಚ್ಚಿದ ಹಾಗೆ. ಆಮೇಲೆ ಮಳೆಗಾಲ ಪೂರ್ತಿ ತಾಳಮದ್ದಳೆ. 2020ರ ಮಾರ್ಚಲ್ಲಿ ತಿರುಗಾಟ ಅರ್ಧಕ್ಕೇ ನಿಂತಿತು, ಸರಿ, ಮುಂದಿನ ವರ್ಷ ನೋಡುವ ಅಂತ ಸಮಾಧಾನ ಮಾಡ್ಕೊಂಡ್ರೆ 2021ರ ಏಪ್ರಿಲಲ್ಲಿ ನೈಟ್ ಕರ್ಫ್ಯೂ, ಅದರ ಹಿಂದೆಯೇ ಲಾಕ್‌ಡೌನ್. ರಾತ್ರಿ ಇಡೀ ನಡೆಯುವ ಕಲೆಗೆ ನೈಟ್ ಕರ್ಫ್ಯೂ ಅಂದ್ರೆ ಮತ್ತೆ ಎಂಥ ಉಳಿಯಿತು ಹೇಳಿ. ಕಲಾವಿದರ ಹೊಟ್ಟೆಪಾಡು ದೊಡ್ಡ ಕಷ್ಟ, ನಮ್ಮದು ಅದರೆದುರು ಏನೂ ಅಲ್ಲ, ಆದ್ರೂ ಮನೆಯೊಳಗೆ ಕೂತು ಕೂತು ಮಾತಾಡ್ಲಿಕ್ಕೆ ಜನ ಇಲ್ಲದೆ ತಲೆ ಕೆಟ್ಟು ಹೋಗಿತ್ತು ಅಂತೂ ಸತ್ಯ.

ನಮ್ಮದೊಂದು ವಾಟ್ಸಾಪ್ ಬಳಗ ಉಂಟು, ಹವ್ಯಾಸಿಗಳು, ಯಾರೂ ದೊಡ್ಡ ಕಲಾವಿದರಲ್ಲ. ಬ್ಯಾಂಕಿನವರು, ಕಾಲೇಜಿನ ಲೆಕ್ಚರರು, ಅಡಿಕೆ ತೋಟದವರು, ನನ್ನ ಹಾಗೆ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಎದುರು ಕೂರುವವರು, ಮಸ್ಕತ್‌ನಲ್ಲಿ ದುಬೈಯಲ್ಲಿ ಇರುವವರು. ಫಾರ್ವರ್ಡ್ ಮೆಸೇಜು, ತಾಳಮದ್ದಳೆಯ ಮಾತಿಗೆ ಹೆಸರಾದ ಶೇಣಿಯವರ ಹಳೇ ಕ್ಯಾಸೆಟ್ಟಿನ ಆಡಿಯೋ, ಇಷ್ಟರಲ್ಲೇ ದಿನ ಹೋಗ್ತಿತ್ತು. ವಾಟ್ಸಾಪ್ ಕಾಲಲ್ಲಿ ಆಗ ಎಂಟು ಜನಕ್ಕಿಂತ ಜಾಸ್ತಿ ಹಿಡಿಸುದಿಲ್ಲ. ಝೂಮ್ ಮಾಡುವ ಅಂದ್ರೆ ಫ್ರೀ ಅಕೌಂಟಿಗೆ 40 ನಿಮಿಷ, 40 ನಿಮಿಷದಲ್ಲಿ ನಮ್ಮಲ್ಲಿ ವಾಲಿಯ ಪಾತ್ರ ಮಾಡುವವರು ಪೀಠಿಕೆ ಕೂಡ ಮುಗಿಸುದಿಲ್ಲ ಮಾರಾಯ್ರೆ. ಅದೂ ಅಲ್ಲದೆ ವೀಡಿಯೊ ಅಂದ ಕೂಡ್ಲೇ ಹಿರಿಯರು ಅಂಗಿ ಹಾಕ್ಬೇಕು, ಹಿಂದೆ ಒಗೆದ ಬಟ್ಟೆ ಕಾಣ್ತದಾ ನೋಡ್ಬೇಕು, ಆ ರಗಳೆ ಬೇರೆ. ಮತ್ತೆ ಸುಳ್ಯ, ಬೆಳ್ತಂಗಡಿ ಆಚೆ ಒಳಗೆ ಹೋದ್ರೆ ನೆಟ್‌ವರ್ಕಿನ ಅವಸ್ಥೆ ನಿಮಗೆ ಗೊತ್ತುಂಟಲ್ಲ, ಮಕ್ಕಳು ಆನ್‌ಲೈನ್ ಕ್ಲಾಸಿಗೆ ಕೊಡೆ ಹಿಡ್ಕೊಂಡು ಗುಡ್ಡೆ ಹತ್ತಿದ ಕಾಲ ಅದು, ಅಲ್ಲಿ ವೀಡಿಯೊ ಮಾತೇ ಇಲ್ಲ.

ಕ್ಲಬ್‌ಹೌಸ್ 2020ರಲ್ಲೇ ಶುರುವಾದ್ರೂ ಒಂದು ವರ್ಷ ಐಫೋನ್ ಇದ್ದವರಿಗೆ ಮಾತ್ರ, ನಮ್ಮ ಬಳಗದಲ್ಲಿ ಐಫೋನ್ ಹುಡುಕಿದ್ರೆ ದುಬೈಯವರ ಹತ್ರ ಸಿಗಬಹುದು ಅಷ್ಟೆ. 2021 ಮೇ 21ಕ್ಕೆ ಭಾರತದಲ್ಲಿ ಆಂಡ್ರಾಯ್ಡಿಗೆ ಬಂತು, ಹೆಚ್ಚುಕಮ್ಮಿ ಪತ್ತನಾಜೆ ಹೊತ್ತಿಗೇ. ಬರೀ ಸ್ವರ. ಮುಖ ಇಲ್ಲ, ಟೈಪಿಂಗ್ ಇಲ್ಲ, ಟೈಮ್ ಲಿಮಿಟ್ ಇಲ್ಲ. ಒಂದೊಂದು ಮಾತುಕತೆಗೆ ಒಂದೊಂದು ರೂಮ್, ಮೇಲೆ ಸ್ಟೇಜ್, ಅದರಲ್ಲಿ ಮಾತಾಡುವವರು, ಕೆಳಗೆ ಕೇಳುವವರು, ಯಾರಿಗೆ ಮೈಕ್ ಕೊಡ್ಬೇಕು ಅಂತ ಮಾಡರೇಟರ್ ತೀರ್ಮಾನ ಮಾಡುದು. ಇದನ್ನು ನೋಡಿದ ಕೂಡ್ಲೇ ನಮ್ಮಲ್ಲೊಬ್ಬರು ಹೇಳಿದ್ದು, "ಓ ಇದು ತಾಳಮದ್ದಳೆಗೇ ಮಾಡಿದ್ದಲ್ವಾ!"

ಅವರು ಹೇಳಿದ್ರಲ್ಲಿ ಸುಳ್ಳೇನಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲು ಹಾಕಿ ಕೂತು ಹಾಡುವ ಭಾಗವತರ ಪದ್ಯಕ್ಕೆ ಅರ್ಥ ಹೇಳುದು, ಅಂದ್ರೆ ಪಾತ್ರವಾಗಿ ಮಾತಾಡುದು. ಬರೆದಿಟ್ಟ ಡೈಲಾಗ್ ಇಲ್ಲ, ಎದುರಿನವರು ಏನು ಹೇಳ್ತಾರೋ ಅದಕ್ಕೆ ಅಲ್ಲಿಯೇ ಉತ್ತರ ಕಟ್ಟಬೇಕು. ಕಣ್ಣು ಮುಚ್ಚಿ ಕೇಳಿದ್ರೂ ಏನೂ ನಷ್ಟ ಇಲ್ಲದ ಕಲೆ, ಹಾಗಾಗಿಯೇ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಇವತ್ತಿಗೂ ಆಡಿಯೋದಲ್ಲಿ ಕೇಳಿ ಜನ ತಲೆದೂಗ್ತಾರೆ.

ಈಗ ಆಪಿನ ಒಳ್ಳೇದು ಕೆಟ್ಟದ್ದು. ಮೊದಲ ಕಿರಿಕಿರಿ ಇನ್ವೈಟ್. ಆಗ ಸುಮ್ಮನೆ ಇನ್‌ಸ್ಟಾಲ್ ಮಾಡಿದ್ರೆ ಒಳಗೆ ಬಿಡ್ತಿರ್ಲಿಲ್ಲ, ಒಳಗಿದ್ದವರು ಯಾರಾದ್ರೂ ಕರೀಬೇಕು, ಮತ್ತೆ ನಿಮ್ಮನ್ನು ಕರೆದವರು ಯಾರು ಅಂತ ನಿಮ್ಮ ಪ್ರೊಫೈಲಲ್ಲಿ ಖಾಯಂ ಆಗಿ ಕಾಣ್ತಿತ್ತು. ಆಪಿನ ಶುರುವಿನ ದಿನಗಳಲ್ಲಿ ಇನ್ವೈಟ್ ಕಳಿಸ್ಬೇಕಾದ್ರೆ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಪೂರ್ತಿ ಅದಕ್ಕೆ ತೋರಿಸ್ಬೇಕು ಅನ್ನುವ ಹಟ ಬೇರೆ ಇತ್ತು, ಇದರ ಬಗ್ಗೆ ಎಲ್ಲ ಕಡೆ ಟೀಕೆ ಬಂದಿತ್ತು, ನನಗೂ ಇದು ಸರಿ ಕಾಣ್ಲಿಲ್ಲ. ಒಂದು ಸ್ಟಾರ್ ಕಮ್ಮಿ ಮಾಡಿದ್ದು ಅದಕ್ಕೇ. ಜುಲೈ 21ಕ್ಕೆ ಇನ್ವೈಟ್ ಪದ್ಧತಿ ತೆಗೆದ್ರು, ಅಷ್ಟರಲ್ಲಿ ನಮ್ಮವರೆಲ್ಲ ಒಬ್ಬರ ಬಾಲ ಒಬ್ಬರು ಹಿಡಿದು ಒಳಗೆ ಬಂದಾಗಿತ್ತು.

ವಿಟ್ಲ ಕಡೆಯ ನಮ್ಮ ಮಾಷ್ಟ್ರು, ರಿಟೈರ್ಡ್, ಒಬ್ಬರೇ ಇರುದು, ಮಗಳು ಫಾರಿನ್. ಅವರಿಗೆ ಸ್ಮಾರ್ಟ್‌ಫೋನ್ ಅಂದ್ರೆ ಗುಡ್ ಮಾರ್ನಿಂಗ್ ಫೋಟೋ ನೋಡ್ಲಿಕ್ಕೆ ಅಂತ ಇದ್ದದ್ದು. ಮಗಳೇ ಫೋನಲ್ಲಿ ಹೇಳಿಕೊಟ್ಟು ಕ್ಲಬ್‌ಹೌಸ್ ಹಾಕಿಸಿದ್ಳು, ಫೋಟೋದ ಜಾಗದಲ್ಲಿ ಮನೆ ದನದ ಚಿತ್ರ. ಹೊಸಬರಿಗೆ ಮೊದಲ ವಾರ ಹೆಸರಿನ ಹತ್ರ ಪಾರ್ಟಿಯ ಒಂದು ಚಿಹ್ನೆ ಬರ್ತಿತ್ತು, "ನನ್ನ ದನಕ್ಕೆ ಇದೆಂಥ ಕೊಂಬು" ಅಂತ ಮಾಷ್ಟ್ರು ಸ್ಟೇಜಿಗೆ ಬಂದ ಕೂಡ್ಲೇ ಕೇಳಿದ್ದು! ಆದ್ರೆ ಒಮ್ಮೆ ಅಭ್ಯಾಸ ಆದ ಮೇಲೆ ಅವರನ್ನು ಹಿಡಿದವರಿಲ್ಲ. ರೂಮಿಗೆ ಬರ್ಲಿಕ್ಕೆ ಒಂದು ಒತ್ತು, ಮೈಕಿಗೆ ಒಂದು ಒತ್ತು, ಅಷ್ಟೇ. ಹಿರಿಯರಿಗೆ ಇಷ್ಟು ಸುಲಭ ಆದ ಬೇರೆ ಯಾವ ಆಪೂ ನಾನು ಆ ಎರಡು ವರ್ಷದಲ್ಲಿ ನೋಡ್ಲಿಲ್ಲ. ಕೊನೆಕೊನೆಗೆ ಎಂಟು ಗಂಟೆಗೆ ಪ್ರಸಂಗ (ಅವತ್ತು ಆಡುವ ಕತೆ) ಅಂದ್ರೆ ಏಳೂವರೆಗೇ ಮಾಷ್ಟ್ರು ರೂಮ್ ತೆಗೆದು ಕೂತಿರ್ತಿದ್ರು, ಯಾರು ಬಂದ್ರೂ "ಊಟ ಆಯ್ತಾ, ಅಲ್ಲಿ ಮಳೆ ಹೇಗೆ, ನಿಮ್ಮ ವಾರ್ಡಲ್ಲಿ ಎಷ್ಟು ಕೇಸು" ಅಂತ ವಿಚಾರಣೆ.

ದೊಡ್ಡ ತೊಡಕು ಬಂದದ್ದು ಹಿಮ್ಮೇಳದಲ್ಲಿ, ಅಂದ್ರೆ ಹಾಡು ಮದ್ದಳೆಯಲ್ಲಿ. ಇಂಟರ್ನೆಟ್ಟಲ್ಲಿ ಸ್ವರ ಈ ಮನೆಯಿಂದ ಆ ಮನೆಗೆ ಮುಟ್ಟುವಾಗ ಚೂರು ತಡ ಆಗ್ತದೆ. ಮಾತಿಗೆ ಅದು ಗೊತ್ತೇ ಆಗುದಿಲ್ಲ, ತಾಳಕ್ಕೆ ಆಗ್ತದೆ. ಭಾಗವತರು ಪುತ್ತೂರಲ್ಲಿ, ಮದ್ದಳೆ ಉಡುಪಿಯಲ್ಲಿ ಇದ್ರೆ ಭಾಗವತರ ಸ್ವರ ಮದ್ದಳೆಯವರಿಗೆ ತಡವಾಗಿ ಕೇಳ್ತದೆ, ಅವರ ಪೆಟ್ಟು ವಾಪಸ್ ಇವರಿಗೆ ಇನ್ನೂ ತಡವಾಗಿ, ಇಬ್ಬರೂ ಒಬ್ಬರನ್ನೊಬ್ಬರು ಕಾಯ್ತಾ ಕಾಯ್ತಾ ಪದ್ಯ ನಿಂತೇ ಹೋಗ್ತದೆ. ಇದು ಕ್ಲಬ್‌ಹೌಸಿನ ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ, ಯಾವ ಆಪಲ್ಲಿ ಮಾಡಿದ್ರೂ ಇದೇ ಕತೆ. ಪುಣ್ಯಕ್ಕೆ ನಮ್ಮ ಬಳಗದಲ್ಲಿ ಒಂದು ಮನೆಯಲ್ಲಿ ಅಪ್ಪ ಭಾಗವತರು, ಮಗ ಮದ್ದಳೆ, ಲಾಕ್‌ಡೌನ್ ಅಂತ ಮಗನೂ ಊರಲ್ಲೇ ಇದ್ದ. ಹಿಮ್ಮೇಳ ಪೂರ್ತಿ ಅವರ ಮನೆಯ ಚಾವಡಿಯಿಂದ, ಅರ್ಥ ಹೇಳುವ ಅರ್ಥಧಾರಿಗಳು ಅವರವರ ಮನೆಯಿಂದ. ಅರ್ಥ ಅಂದ್ರೆ ಒಬ್ಬರಾದ ಮೇಲೆ ಒಬ್ಬರು ಮಾತಾಡುದು, ಹಾಗಾಗಿ ಅಲ್ಲಿ ತಡ ಆದ್ರೂ ಯೋಚನೆ ಮಾಡ್ತಿದ್ದಾರೆ ಅಂತಲೇ ಕೇಳುವವರಿಗೆ ಅನಿಸುದು. ಸಂಗೀತಕ್ಕೆ ಅಂತಲೇ ಮ್ಯೂಸಿಕ್ ಮೋಡ್ ಅಂತ ಒಂದನ್ನು ಕಂಪೆನಿಯವರು ಆಮೇಲೆ ತಂದ್ರು. ನಮ್ಮ ಕಾಲಕ್ಕೆ ಅದೆಲ್ಲ ಇರ್ಲಿಲ್ಲ, ಚೆಂಡೆ ಬೇಡ, ಮದ್ದಳೆ ಸಾಕು, ಫೋನನ್ನು ಮದ್ದಳೆಯಿಂದ ಸ್ವಲ್ಪ ದೂರ ಭಾಗವತರ ಬಾಯಿಯ ಹತ್ರ ಇಡುದು ಅಂತ ನಾವೇ ಒಂದು ವ್ಯವಸ್ಥೆ ಮಾಡ್ಕೊಂಡದ್ದು.

ಒಂದು ರಾತ್ರಿ ವಾಲಿ ರಾಮರ ಸಂವಾದ. ವಾಲಿ ನಮ್ಮ ಬ್ಯಾಂಕಿನವರು, ರಾಮ ಮ್ಯಾಥ್ಸ್ ಲೆಕ್ಚರರು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ನನ್ನ ಚರ್ಮ ನೀನು ಉಡುವುದಿಲ್ಲ, ನನ್ನ ಮಾಂಸ ನೀನು ತಿನ್ನುವುದಿಲ್ಲ, ಮತ್ತೆ ಯಾವ ಲಾಭಕ್ಕೆ ಈ ಬೇಟೆ ಅಂತ ವಾಲಿ ಒಳ್ಳೇ ಕಾವಲ್ಲಿ ಹಿಡಿದು ಕೇಳಿದ್ದು. ರಾಮ ಶುರು ಮಾಡಿದ್ರು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು, ಈ ಭೂಮಿ ಇಕ್ಷ್ವಾಕುಗಳದ್ದು, ಧರ್ಮ ಕಾಯುವ ಅಧಿಕಾರ ಭರತನ ಪರವಾಗಿ ನನಗೆ ಉಂಟು, ಹೀಗೆ ಒಂದೊಂದೇ ಪಾಯಿಂಟು. ಅಷ್ಟರಲ್ಲಿ ವಾಲಿಯ ಮನೆಯಲ್ಲಿ ಕರೆಂಟು ಹೋಯ್ತು. ಗಾಳಿ ಮಳೆ, ವೈಫೈ ಹೋಗಿ ಸ್ಟೇಜಿಂದ ವಾಲಿಯ ಫೋಟೋ ಮಾಯ. ರಾಮ ಕಣ್ಣು ಮುಚ್ಚಿ ಅರ್ಥ ಹೇಳುವ ಅಭ್ಯಾಸದವರು, ಅವರಿಗೆ ಗೊತ್ತಿಲ್ಲ, ಇಲ್ಲದ ವಾಲಿಗೆ ಉತ್ತರ ಕೊಡ್ತಾನೇ ಇದ್ದಾರೆ, ನಾವೆಲ್ಲ ಮ್ಯೂಟಲ್ಲಿ ನಗಾಡಿ ನಗಾಡಿ ಸಾಕಾಯ್ತು. ಅವರು ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ವಾಲಿ ಮೊಬೈಲ್ ಡಾಟಾದಲ್ಲಿ ವಾಪಸ್ ಬಂದು ಮೈಕ್ ಆನ್ ಮಾಡಿದ್ದೇ ಹೇಳಿದ್ದು: "ಬಾಣದ ಪೆಟ್ಟಿಗೆ ಪ್ರಜ್ಞೆ ತಪ್ಪಿತ್ತು ರಾಮಾ, ಈಗಷ್ಟೇ ಎಚ್ಚರವಾಯಿತು. ಅಷ್ಟರೊಳಗೆ ನೀನು ಏನೇನು ಸಮರ್ಥನೆ ಕೊಟ್ಟೆಯೋ ಒಂದೂ ನನ್ನ ಕಿವಿಗೆ ಬಿದ್ದಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯ ಉಂಟೋ?"

ಅಲ್ಲಿಗೆ ಚಪ್ಪಾಳೆ ಬೇಕಲ್ವಾ? ಕ್ಲಬ್‌ಹೌಸಲ್ಲಿ ಚಪ್ಪಾಳೆ ಅಂದ್ರೆ ಸ್ಟೇಜಲ್ಲಿ ಇದ್ದವರು ಮೈಕನ್ನು ಪಟಪಟ ಆನ್ ಆಫ್ ಮಾಡುದು, ಚಿಕ್ಕ ಮೈಕಿನ ಗುರ್ತು ಮಿಣಮಿಣ ಅಂತದೆ. ಕೆಳಗೆ ಕೂತವರಿಗೆ ಅದೂ ಇಲ್ಲ, ಸುಮ್ಮನೆ ಕೇಳುದು. ಅರ್ಥಧಾರಿಗಳಿಗೆ ಇದೇ ದೊಡ್ಡ ಕೊರತೆ. ಸಭೆಯಲ್ಲಿ ಎದುರು ಕೂತವರ ಮುಖ ನೋಡಿ ಮಾತು ಉದ್ದ ಮಾಡ್ಬೇಕಾ ಕಟ್ ಮಾಡ್ಬೇಕಾ ಗೊತ್ತಾಗ್ತದೆ, ಇಲ್ಲಿ ಜೋಕ್ ಹೇಳಿದ್ರೆ ಬಾವಿಗೆ ಕಲ್ಲು ಹಾಕಿ ಶಬ್ದಕ್ಕೆ ಕಾದ ಹಾಗೆ. ನಾವು ಕೊನೆಗೆ ಒಂದು ಉಪಾಯ ಮಾಡಿ ಜೋರಾಗಿ ನಗುವ ಇಬ್ಬರನ್ನು ಸ್ಟೇಜಿಗೆ ಹತ್ತಿಸಿ ಮೈಕ್ ಆನ್ ಇಡ್ಲಿಕ್ಕೆ ಹೇಳಿದ್ದು. ಒಬ್ಬರ ಮನೆಯ ಕುಕ್ಕರ್ ಸೀಟಿಯೂ ಪ್ರಸಂಗದಲ್ಲಿ ಸೇರಿತು, ಅದು ಬೇರೆ ವಿಷಯ.

ನನಗೆ ಭಾರೀ ಖುಷಿ ಕೊಟ್ಟದ್ದು ದಾರಿ ತಪ್ಪಿ ಬಂದವರು. ಆಪಿನ ಮೊದಲ ಪೇಜಲ್ಲಿ ನಡೀತಾ ಇರುವ ರೂಮುಗಳು ಕಾಣ್ತಿದ್ದವು, ಯಾರು ಬೇಕಾದ್ರೂ ಇಣುಕಬಹುದಿತ್ತು. ಪಕ್ಕದಲ್ಲಿ ಅಂತ್ಯಾಕ್ಷರಿ, ಷೇರ್ ಮಾರ್ಕೆಟ್ಟು, ಮಲಯಾಳಂ ರೂಮುಗಳಂತೂ ರಾಶಿ ರಾಶಿ. ಹಾಗೆ ಮಂಡ್ಯ ಕಡೆಯ ಒಬ್ಬ ಹುಡುಗ ಬಂದು ಕೈ ಎತ್ತಿದ, ಮೈಕ್ ಕೊಟ್ಟಾಗ, "ಸಾರ್ ಇದು ಪ್ರವಚನಾನಾ ಇಲ್ಲಾ ಜಗಳಾನಾ, ಯಾವ್ದಾದ್ರೂ ಸರಿ ಸಕ್ಕತ್ತಾಗಿದೆ, ನಿಲ್ಲಿಸ್ಬೇಡಿ" ಅಂದ. ಆಮೇಲೆ ಅವನು ದಿನಾ ಬರ್ಲಿಕ್ಕೆ ಶುರು. ಊರಲ್ಲಿ ತಾಳಮದ್ದಳೆಗೆ ಬರುವುದು ಅವೇ ಮುಖಗಳು, ಇದರಲ್ಲಿ ಯಾರ್ಯಾರೋ ಬಂದು ಕೂತ್ರು.

ಎಲ್ಲ ರಾತ್ರಿಯೂ ತಮಾಷೆ ಅಂತ ಅಲ್ಲ. ಆ ಮೇ ಜೂನ್ ಹೇಗಿತ್ತು ಅಂತ ನಾನು ಹೇಳ್ಬೇಕಾಗಿಲ್ಲ. ಪ್ರಸಂಗಕ್ಕೆ ಮುಂಚೆ ಹತ್ತು ನಿಮಿಷ ಯಾರಿಗೆ ಬೆಡ್ ಬೇಕು, ಯಾವ ಊರಲ್ಲಿ ಔಷಧ ಮುಟ್ಟಿಸ್ಲಿಕ್ಕೆ ಜನ ಬೇಕು ಅಂತ ವಿಚಾರಿಸುದೇ ಒಂದು ಕ್ರಮ ಆಯ್ತು. ಮಸ್ಕತ್‌ನವರ ಅಮ್ಮ ತೀರಿಹೋದಾಗ ಅವರಿಗೆ ಬರ್ಲಿಕ್ಕೆ ವಿಮಾನ ಇಲ್ಲ. ಅವತ್ತು ಪ್ರಸಂಗ ಬೇಡ ಅಂತ ನಾವೆಲ್ಲ ಅಂದ್ರೆ ಅವರೇ "ಬೇಡ, ಮಾಡಿ, ನನಗೆ ಇಲ್ಲಿ ರೂಮಲ್ಲಿ ಒಬ್ಬನೇ ಕೂರ್ಲಿಕ್ಕೆ ಆಗುದಿಲ್ಲ" ಅಂದ್ರು. ಭಾಗವತರು ನಾಲ್ಕು ಪದ್ಯ ಹೇಳಿದ್ರು, ಅರ್ಥ ಯಾರೂ ಹೇಳ್ಲಿಲ್ಲ.

ಇಷ್ಟೆಲ್ಲ ಆಗಿಯೂ ಇವತ್ತು ನನ್ನ ಕೈಯಲ್ಲಿ ಆ ರಾತ್ರಿಗಳ ಒಂದು ನಿಮಿಷದ ಆಡಿಯೋ ಇಲ್ಲ, ಇದೇ ನನ್ನ ದೊಡ್ಡ ತಕರಾರು. ಕ್ಲಬ್‌ಹೌಸಿನ ನಿಯಮವೇ ಹಾಗೆ ಇದ್ದದ್ದು, ಮಾತಾಡಿದವರೆಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವ ಹಾಗಿಲ್ಲ, ರೂಮ್ ಮುಚ್ಚಿದ್ರೆ ಎಲ್ಲ ಹೋಯ್ತು. ಮುಗಿದ ರೂಮನ್ನು ಆಮೇಲೆ ಕೇಳುವ ರೀಪ್ಲೇ ಅಂತ ತಂದದ್ದು 2021ರ ನವೆಂಬರಲ್ಲಿ, ಕನ್ನಡದಲ್ಲಿ ಆಪ್ ಬಂದದ್ದೂ ಅದೇ ತಿಂಗಳು, ಅಷ್ಟರಲ್ಲಿ ಲಾಕ್‌ಡೌನ್ ಮುಗಿದು ಜನ ಅವರವರ ಕೆಲಸಕ್ಕೆ ಹೋಗಿ ಆಗಿತ್ತು. ರೆಕಾರ್ಡ್ ಇಲ್ಲ ಅನ್ನುವ ಧೈರ್ಯಕ್ಕೇ ಹೊಸಬರು ಮೈಕ್ ಹಿಡಿದದ್ದು ಅಂತ ಬಳಗದಲ್ಲಿ ಕೆಲವರು ವಾದ ಮಾಡ್ತಾರೆ, ಇರಬಹುದು. ಆದ್ರೆ ಆ ವಾಲಿ ಎದ್ದು ಕೂತ ಮಾತನ್ನು ಈಗ ಯಾರಿಗೆ ಹೇಳಿದ್ರೂ ನಾನು ಸೇರಿಸಿ ಹೇಳ್ತೇನೆ ಅಂತ ತಿಳ್ಕೊಳ್ತಾರೆ.

ಕಿವಿ ಸರಿ ಕೇಳದವರಿಗೆ ಆಗ ಆಪಲ್ಲಿ ಏನೂ ಅನುಕೂಲ ಇರ್ಲಿಲ್ಲ, ಕ್ಯಾಪ್ಷನ್ ಇಲ್ಲ, ಅದೂ ಒಂದು ಮೈನಸ್. ನೋಟಿಫಿಕೇಶನ್ ಅಂತೂ ಇನ್‌ಸ್ಟಾಲ್ ಮಾಡಿದ ದಿನವೇ ಆಫ್ ಮಾಡ್ಬೇಕು.

ಈಗಿನ ಕ್ಲಬ್‌ಹೌಸಿಗೆ ಬರ್ತೇನೆ. 2023ರ ಏಪ್ರಿಲಲ್ಲಿ ಕಂಪೆನಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು, ಅದೇ ವರ್ಷ ಸೆಪ್ಟೆಂಬರಲ್ಲಿ ಆಪನ್ನೇ ಬದಲು ಮಾಡಿ ವಾಯ್ಸ್ ಮೆಸೇಜ್ ಕಳಿಸುವ ಚಾಟಿನ ಹಾಗೆ ಮಾಡಿದ್ರು. ವಾಯ್ಸ್ ಮೆಸೇಜಿಗೆ ನಮಗೆ ವಾಟ್ಸಾಪ್ ಸಾಕಲ್ವಾ. ಈಗಿನದ್ದಕ್ಕೆ 2 ಸ್ಟಾರ್, ಅದೂ ಹಳೇ ಋಣಕ್ಕೆ.

ಊರಿನವರು, ಫಾರಿನ್‌ನವರು ಸೇರಿ ಆನ್‌ಲೈನಲ್ಲಿ ಕೂಟ ಮಾಡ್ಬೇಕು ಅಂತ ಯಾರಿಗಾದ್ರೂ ಇದ್ರೆ ಟೆಲಿಗ್ರಾಮಿನ ವಾಯ್ಸ್ ಚಾಟ್ ನೋಡಿ, ಅದರಲ್ಲಿ ರೆಕಾರ್ಡ್ ಮಾಡ್ಲಿಕ್ಕೆ ಆಗ್ತದೆ. ಹಿಮ್ಮೇಳದವರನ್ನು ಒಂದೇ ಮನೆಯಲ್ಲಿ ಕೂರಿಸಿ. ಗಲ್ಫಿನವರಿಗೆ ನಮ್ಮ ಎಂಟು ಗಂಟೆ ಅಂದ್ರೆ ಅಲ್ಲಿ ಆರೂವರೆ, ಡ್ಯೂಟಿ ಬಿಟ್ಟು ಬರುವ ಹೊತ್ತು, ಹಾಗಾಗಿ ಎಂಟೂವರೆಗೆ ಇಟ್ರೆ ಎಲ್ಲರಿಗೂ ಒಳ್ಳೇದು. ಮತ್ತೆ ವಾಲಿ ಯಾರು ಮಾಡುದು ಅಂತ ನಿಶ್ಚಯ ಮಾಡುವ ಮುಂಚೆ ಅವರ ಮನೆಯಲ್ಲಿ ಇನ್ವರ್ಟರ್ ಉಂಟಾ ಅಂತ ಕೇಳಿ.